ಬಳೆಗೊಂದು ಇಂಗ್ಲಿಷ್ ಶಬ್ದ

ಕುಕನೂರಿನಲ್ಲಿ ಬಳೆ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಬಳೆಯ ಜೊತೆಗೆ ಇಂಗ್ಲಿಷನ್ನೂ ಗೋಡೆಗೆ ನೇತುಹಾಕಿದವಳು ನನ್ನಕ್ಕ ಒಬ್ಬಳೇ! ನಂಬಿಕೆ ಬಾರದಿದ್ದರೆ ಸಂತೆಯ ದಿನ ಬನ್ನಿ. ನೀಲಿ ಬಳೆ ತೋರಿಸಿ ‘ಇದೇನಕ್ಕಾ?’ ಎಂದು ಕೇಳಿ. ‘ಟಾರ್ಗೆಟ್ ಆಡಿಯನ್ಸ್’ ಅನ್ನುತ್ತಾಳೆ. ಕೇಸರಿ ತೋರಿಸಿದರೆ ‘ಬ್ರ್ಯಾಂಡ್ ಲಾಯಲ್ಟಿ’. ಬಳೆ ಇಡಿಸಿಕೊಳ್ಳಲು ಬಂದವರು ಗಾಬರಿಯಾಗಿ ಪಕ್ಕದ ಗ್ಯಾರೇಜಿನವನ ಮುಖ ನೋಡುತ್ತಾರೆ. ಆ ಗ್ಯಾರೇಜಿನವನು ನಾನು.

ನಾನು ಏಳನೆಯ ಇಯತ್ತೆಗೇ ಶಾಲೆಗೆ ಕೈಮುಗಿದು ನಟ್ಟು ಬಿಚ್ಚುವ ಪಾನಾ ಹಿಡಿದವನು. ಯಲಬುರ್ಗಾ, ಕುಷ್ಟಗಿ ಕಡೆಯವರು ಕೂಡ ಕೆಟ್ಟ ಬೈಕನ್ನು ಟಂಟಂನಲ್ಲಿ ಹೇರಿಕೊಂಡು ನನ್ನ ಹತ್ತಿರವೇ ಬರುತ್ತಾರೆಂದರೆ ಕೈಗುಣ ಎಂಥದೆಂದು ನೀವೇ ತಿಳಿಯಿರಿ. ಮಳೆಯಿರಲಿ, ಜ್ವರವಿರಲಿ, ಊರಿಗಿಂತ ಮೊದಲು ನನ್ನ ಗ್ಯಾರೇಜಿನ ಬಾಗಿಲು ತೆರೆಯಬೇಕು. ಅಕ್ಕ ಶಾಲೆಯ ಮೆಟ್ಟಿಲನ್ನು ನನಗಿಂತಲೂ ಕಡಿಮೆ ಸವೆಸಿದವಳು. ಭಾವ ತೀರಿಕೊಂಡ ಮೇಲೆ ತನ್ನ ಕೈಯ ಬಳೆ ತೆಗೆದಿಟ್ಟು, ಊರ ಕೈಗಳಿಗೆಲ್ಲ ಬಳೆ ಇಡಿಸುತ್ತ ಮಗನನ್ನು ಬೆಳೆಸಿದಳು. ಅವಳ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಅವಳು ರೊಟ್ಟಿ ಬಡಿಯುವ ಸದ್ದಿಗೇ ನನಗೆ ಬೆಳಗಾಗುವುದು. ಬೇರೆಯವರ ಮನೆಯಲ್ಲಿ ರೊಟ್ಟಿ ಬಡಿದರೆ ಟಪಟಪದ ಜೊತೆಗೆ ಬಳೆಗಳ ಗಿಲಗಿಲವೂ ಕೇಳುತ್ತದೆ. ಅಕ್ಕನ ಮನೆಯಿಂದ ಬರೀ ಟಪಟಪ.

ಇಂಥವಳಿಗೆ ಇಂಗ್ಲಿಷಿನ ಹುಚ್ಚು ಹಿಡಿದದ್ದು ಸೊಸೆ ಬಂದ ಮೇಲೆ. ಸೊಸೆ ಗಂಗಾವತಿಯ ಹುಡುಗಿ. ಕಾಲೇಜಿನಲ್ಲಿ ಮಾರ್ಕೆಟಿಂಗು, ಜಾಹೀರಾತು, ಮೀಡಿಯಾ ಎಂದು ಏನೇನೋ ಓದಿದವಳು. ನನ್ನ ಅಳಿಯ, ಅಂದರೆ ಅಕ್ಕನ ಮಗ, ಬೀಜದ ಕಂಪನಿಯ ಕೆಲಸಕ್ಕೆಂದು ಊರೂರು ತಿರುಗುವವನು. ಮನೆಗೆ ಬಂದರೆ ನೆಂಟನ ಹಾಗೆ ಬಂದು ಹೋಗುತ್ತಾನೆ. ಈ ಹುಡುಗಿಯೋ, ಕರೆದರೆ ‘ಹ್ಞೂಂ’, ಬಡಿಸಿದರೆ ‘ಸಾಕ್ರಿ’. ಇಷ್ಟೇ ಮಾತು! ಓಣಿಯ ಹೆಂಗಸರಂತೂ ತೀರ್ಪು ಬರೆದೇಬಿಟ್ಟಿದ್ದರು: ‘ಈ ಹುಡಿಗಿ ಪಂಚಮಿಗೆ ತವರಮನಿಗೆ ಹೋದ್ರ ಹೊಳ್ಳಿ ಬರೂದಿಲ್ಲ ನೋಡ್ರಿ.’

ಆ ಮಾತು ಅಕ್ಕನ ಎದೆಗೆ ನಾಟಿತು. ಒಂದು ದಿನ ಗ್ಯಾರೇಜಿಗೆ ಬಂದು ಟಯರಿನ ಮೇಲೆ ಕುಳಿತಳು.

‘ಆಕಿ ಕಲ್ತ ಮಾತು ಆಕಿ ಹೊಟ್ಟ್ಯಾಗ ಕೊಳ್ಯಾಕತ್ತಾವು ತಮ್ಮಾ. ಮಾತಾಡಾಕ ನಮ್ಮ ಮನ್ಯಾಗ ಯಾರದಾರ? ನಾನ ಕಲೀತೀನಿ ತಗಿ.’

‘ನೀನಾ? ನಿನಗ ಎಬಿಸಿಡಿನೂ ಬರೂದಿಲ್ಲಲ್ಲಬೇ ಅಕ್ಕಾ!’

‘ಇಂಜಿನ್ ಮಾಡಿದವ್ರ ಭಾಷಾ ನಿನಗ ಬರ್ತೈತೇನು? ಬಿಚ್ಚಿ ಜೋಡ್ಸೂದು ಬಿಟ್ಟೀಯೇನು?’

ನಾನು ಪಾನಾ ಕೈಗೆತ್ತಿಕೊಂಡು ಬೈಕಿನ ಕಡೆ ತಿರುಗಿದೆ.

ಮೊಬೈಲಿನಲ್ಲಿ ಯಾರೋ ಒಬ್ಬ ಮೇಷ್ಟ್ರು ಜಾಹೀರಾತಿನ ದೊಡ್ಡ ದೊಡ್ಡ ಇಂಗ್ಲಿಷ್ ಶಬ್ದಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಾನಂತೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಕ್ಕ ಅವನ ಶಿಷ್ಯೆಯಾದಳು. ಬರೆದುಕೊಳ್ಳಲು ಬಾರದು, ನೆನಪಿಡುವುದು ಹೇಗೆ? ಒಂದೊಂದು ಬಣ್ಣದ ಬಳೆಗೆ ಒಂದೊಂದು ಶಬ್ದ ಗಂಟು ಹಾಕಿದಳು! ಗೋಡೆ ನೋಡಿದರೆ ಸಾಕು, ಪಾಠ ಒಪ್ಪಿಸುತ್ತಾಳೆ. ಮದುವೆಗೂ ಸೀಮಂತದ ಕುಬಸಕ್ಕೂ ಇಡಿಸುವ ಹಸಿರು ಬಳೆಯೊಂದಕ್ಕೆ ಮಾತ್ರ ಯಾವ ಶಬ್ದವನ್ನೂ ಕೊಡಲಿಲ್ಲ. ಕೇಳಿದರೆ, ‘ಹಸರ ಬಳಿ ತನ್ನ ಮಾತು ತಾನ ಆಡ್ತೈತಿ’ ಅಂದಳು.

ಮೊದಲ ಪ್ರಯೋಗ ನಡೆದದ್ದು ಊಟದ ಹೊತ್ತಿನಲ್ಲಿ. ನಾನೂ ಅಲ್ಲೇ ಇದ್ದೆ. ಅಕ್ಕ ಪಲ್ಯ ಬಡಿಸುತ್ತ, ಮಳೆಯ ಸುದ್ದಿ ಹೇಳಿದಷ್ಟು ಸಹಜವಾಗಿ ಅಂದಳು: ‘ನಮ್ಮ ಟಾರ್ಗೆಟ್ ಆಡಿಯನ್ಸ್ ಅಂದ್ರ ಕುಬಸಕ್ಕ ಬಂದ ಬಸರ ಹೆಂಗಸ್ರು.’

ಸೊಸೆಯ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗದೆ ನಡುದಾರಿಯಲ್ಲೇ ನಿಂತಿತು. ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು. ನೀರು ಕುಡಿದು ಮೆಲ್ಲಗೆ ಅಂದಳು: ‘ಅತ್ತಿ, ಅಷ್ಟ ಸಣ್ಣ ಗಿರಾಕಿ ಗುಂಪಿಗೆ ನೀಶ್ ಮಾರ್ಕೆಟ್ ಅಂತಾರ್ರಿ.’

ಮದುವೆಯಾಗಿ ಬಂದ ಮೇಲೆ ಅವಳಾಡಿದ ಅತಿ ಉದ್ದದ ಮಾತು ಅದು! ಆ ಖುಷಿಗೆ ಅಕ್ಕ ಬೆಣ್ಣೆಯ ಮುದ್ದೆಯನ್ನೆತ್ತಿ ಬಡಿಸಿದಳು. ತಾಟು ಮಾತ್ರ ತಪ್ಪಿತ್ತು. ಬಿದ್ದದ್ದು ನನ್ನ ತಾಟಿಗೆ. ನಾನೇನು ಬೇಡ ಅನ್ನಲಿಲ್ಲ.

ಅಲ್ಲಿಂದ ದಿನವೂ ಊಟಕ್ಕೆ ಒಂದು ಶಬ್ದ ಉಪ್ಪಿನಕಾಯಿಯ ಹಾಗೆ ಬರತೊಡಗಿತು. ಕಲಿತದ್ದನ್ನು ಅಕ್ಕ ಬಾಯಿಪಾಠ ಮಾಡಿ ಬಿಡುವವಳಲ್ಲ. ಗಂಡಸರು ಹೊಲಕ್ಕೆ ಹೋದ ಮೇಲಿನ ಹೊತ್ತು ಅವಳಿಗೆ ‘ಪ್ರೈಮ್ ಟೈಮ್’. ಕೂಸಿನ ಕೈಗೆ ಪುಕ್ಕಟೆ ಒಂದು ಪುಟ್ಟ ಬಳೆ ಇಡಿಸಿ ತಾಯಿಯನ್ನು ಕೂರಿಸಿಕೊಳ್ಳುವುದು ‘ಫ್ರೀ ಸ್ಯಾಂಪಲ್’. ಮದುವೆ ದಲ್ಲಾಳಿ ಬಾಯಿಬಿಟ್ಟರೆ ‘ಮಿಸ್‌ಲೀಡಿಂಗ್ ಅಡ್ವರ್ಟೈಸ್‌ಮೆಂಟ್’. ಇನ್ನು ‘ಸಬ್‌ಲಿಮಿನಲ್’ ಅಂದರೆ ಗಿರಾಕಿಗೆ ಗೊತ್ತಾಗದ ಹಾಗೆ ಮನಸ್ಸಿನೊಳಗೆ ಆಸೆ ಬಿತ್ತುವುದಂತೆ. ‘ಕುಬಸದ ಮನಿ ಮುಂದ ಬಳಿ ಸದ್ದು ಮಾಡಿಕೊಂತ ಸುಮ್ನ ಹಾದು ಹೋಗೂದು. ಇಷ್ಟಕ್ಕ ಕಾಲೇಜ್ಯಾಕ ಬೇಕು?’ ಎಂದು ಅಕ್ಕ ಕೇಳಿದಾಗ ಸೊಸೆ ಮೊದಲ ಬಾರಿಗೆ ಬಾಯಿಬಿಟ್ಟು ನಕ್ಕಳು.

ಆದರೆ ಈ ವಿದ್ಯೆಗೆ ಒಂದು ದೊಡ್ಡ ಗಂಡಾಂತರವಿತ್ತು. ಬಳೆ ಮಾರಾಟವಾದರೆ ಶಬ್ದವೂ ಹೋಯಿತು! ಒಮ್ಮೆ ಯಲಬುರ್ಗಾದ ಹೆಂಗಸೊಬ್ಬಳು ಬದನೆಕಾಯಿ ಬಣ್ಣದ ಬಳೆಯನ್ನೆಲ್ಲ ಕೊಂಡು ಬಸ್‌ಸ್ಟ್ಯಾಂಡಿಗೆ ಹೋದಳು. ಹಿಂದೆಯೇ ಅಕ್ಕ ಗ್ಯಾರೇಜಿಗೆ ಓಡಿಬಂದಳು.

‘ತಮ್ಮಾ, ಗಾಡಿ ತಗಿ! ಬದನಿಕಾಯಿ ಬಣ್ಣ ಹೋತು!’

‘ರೊಕ್ಕ ಕೊಟ್ಟಿಲ್ಲೇನು?’

‘ರೊಕ್ಕ ಕೊಟ್ಟಾಳ. ಶಬ್ದಾ ತಗೊಂಡು ಹೋಗ್ಯಾಳ!’

ಬಸ್ಸು ಹೊರಡುವ ಮೊದಲು ಹಿಡಿದೆವು. ಕಿಟಕಿಯಲ್ಲಿದ್ದ ಆ ಹೆಂಗಸಿನ ಕೈಯನ್ನು ಒಂದು ಗಳಿಗೆ ದಿಟ್ಟಿಸಿದ ಅಕ್ಕ ‘ಎಂಡಾರ್ಸ್‌ಮೆಂಟ್!’ ಎಂದು ಕೂಗಿ, ಸಮಾಧಾನದಿಂದ ಗಾಡಿ ಹತ್ತಿದಳು. ಆ ಹೆಂಗಸು ಇವತ್ತಿಗೂ ಅದನ್ನು ಬಳೆಯ ಕಂಪನಿಯ ಹೆಸರೆಂದೇ ತಿಳಿದಿರಬೇಕು.

ಓಣಿಯಲ್ಲಿ ನಗೆಯಾಡಿದವರಿಗೆ ಕೊರತೆಯಿರಲಿಲ್ಲ. ‘ಸೊಸಿ ಮೂಕಿ, ಅತ್ತಿ ಇಂಗ್ಲಿಷು’ ಎಂದರು. ನನಗೆ ಸಿಟ್ಟು ಬಂತು. ಅಕ್ಕ ಮಾತ್ರ ಬಳೆ ಒರೆಸುತ್ತ ಅಂದಳು: ‘ಬಿಡೋ, ಕೆಟ್ಟ ಪಬ್ಲಿಸಿಟಿ ಅನ್ನೂದ ಇಲ್ಲಂತ. ಮಂದಿ ಏನರ ಅನ್ನಲಿ, ನಮ್ಮ ಹೆಸರು ಅಂತಾರಿಲ್ಲೋ?’

ಪಂಚಮಿ ಬಂತು. ಸೊಸೆಯ ಅಣ್ಣ ಬಂದು ಅವಳನ್ನು ತವರಿಗೆ ಕರೆದೊಯ್ದ. ಅಕ್ಕ ಉಂಡಿ ಕಟ್ಟಿಕೊಟ್ಟಳು. ಎಳ್ಳು, ಶೇಂಗಾ, ರವೆ, ಎಲ್ಲ ಬಗೆಯ ಉಂಡಿ, ಒಂದು ಮದುವೆಗೆ ಸಾಕಾಗುವಷ್ಟು. ‘ಜಲ್ದಿ ಬಾ’ ಎಂಬ ಮಾತು ಅವಳ ತುದಿನಾಲಿಗೆಗೆ ಬಂದು ನಿಂತದ್ದು ನನಗೆ ಕಂಡಿತು.

ಹಬ್ಬ ಮುಗಿಯಿತು. ಓಣಿಯ ಸೊಸೆಯಂದಿರೆಲ್ಲ ಒಬ್ಬೊಬ್ಬರಾಗಿ ಮರಳಿದರು. ನಮ್ಮವಳ ಸುಳಿವಿಲ್ಲ. ಫೋನು ಮಾಡಿದರೆ ‘ಬರ್ತೀನ್ರಿ’ ಅಂತಾಳೆ, ಯಾವಾಗ ಎಂಬುದಿಲ್ಲ. ಅಕ್ಕನ ಮೊಬೈಲಿನ ಮೇಷ್ಟ್ರು ಮೌನಿಯಾದ. ಹೊಸ ಬಳೆ ಬಂದರೂ ಅವಳು ಶಬ್ದ ಗಂಟು ಹಾಕಲಿಲ್ಲ. ನೀಲಿ ಬರೀ ನೀಲಿಯಾಯಿತು, ಕೇಸರಿ ಬರೀ ಕೇಸರಿ.

‘ಬ್ರ್ಯಾಂಡ್ ಲಾಯಲ್ಟಿ ಅಂದ್ರೇನಕ್ಕಾ?’ ಎಂದು ನಗಿಸಲು ನೋಡಿದೆ.

‘ಒಮ್ಮಿ ಬಂದ ಗಿರಾಕಿ ಹೊಳ್ಳಿ ಬರೂದು’ ಅಂದಳು. ಅಂದು ಒಳಗೆ ಹೋದಳು.

ಸಂತೆಯ ದಿನ. ಅಂಗಡಿಯ ಮುಂದೆ ಓಣಿಯ ಹೆಂಗಸರೆಲ್ಲ ಇದ್ದರು. ಸೊಸೆ ಒಬ್ಬಳೇ ಬ್ಯಾಗು ಹೊತ್ತು ನಡೆದು ಬಂದಳು. ಯಾರನ್ನೂ ನೋಡದೆ ನೇರವಾಗಿ ಅತ್ತೆಯೆದುರು ಕುಳಿತಳು.

‘ತಡಾ ಆತ್ರಿ ಅತ್ತಿ. ಬರೂದೋ ಬ್ಯಾಡೋ ಅಂತ ಭಾಳ ವಿಚಾರ ಮಾಡಿದ್ನಿ. ಅಲ್ಲಿ ಎಲ್ಲಾರೂ ಉಂಡ್ಯೇನು, ಮಲಗ್ಯೇನು ಅಂತ ಕೇಳ್ತಾರ. ಏನ್ ಕಲ್ತೀದಿ ಅಂತ ಯಾರೂ ಕೇಳೂದಿಲ್ರಿ.’

ಆಮೇಲೆ ಬ್ಯಾಗಿನಿಂದ ಕಾಗದದ ಪೊಟ್ಟಣ ತೆಗೆದಳು. ಗಾಜಿನ ಬಳೆ. ಎಳೆ ಜೋಳದ ತೆನೆಯ ಬಣ್ಣ. ‘ಗಂಗಾವತಿ ಎಲ್ಲಾ ಹುಡುಕೀನ್ರಿ. ನಿಮ್ಮ ಗ್ವಾಡಿಮ್ಯಾಲ ಇಲ್ಲದ ಬಣ್ಣ.’

ಅಕ್ಕ ನೋಡಲೆಂದು ಕೈ ಚಾಚಿದಳು. ಚಾಚಿದ ಕೈಯನ್ನು ಸೊಸೆ ಹಿಡಿದೇಬಿಟ್ಟಳು! ಬೆರಳು ಮಡಚಿ, ಥೇಟ್ ಅಕ್ಕ ಗಿರಾಕಿಗೆ ಮಾಡುವ ಹಾಗೆಯೇ, ಒಂದು ಬಳೆ ಏರಿಸಿದಳು.

‘ಏ ಹುಚ್ಚಿ, ಬಿಡು! ಮಂದಿ ನೋಡಾಕತ್ಯಾರ, ಏನಂದಾರು?’

‘ಕೆಟ್ಟ ಪಬ್ಲಿಸಿಟಿ ಅನ್ನೂದ ಇಲ್ಲಂತ್ರಿ’ ಅಂದಳು ಸೊಸೆ, ಎರಡನೆಯದನ್ನು ಏರಿಸುತ್ತ.

ಅಕ್ಕ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನಾನು ಗ್ಯಾರೇಜಿನಿಂದಲೇ, ‘ಈ ಬಣ್ಣಕ್ಕ ಯಾವ ಶಬ್ದ ಅಕ್ಕಾ?’ ಎಂದೆ. ಅವಳು ಕೈ ತಿರುಗಿಸಿ ಬಳೆ ನೋಡಿಕೊಂಡಳು. ‘ಇದು ಮಾರೂದಲ್ಲ ತಮ್ಮಾ’ ಅಂದಳು, ಅಷ್ಟೇ.

ಮರುದಿನ ಬೆಳಿಗ್ಗೆ ಗೋಡೆಯಾಚೆ ರೊಟ್ಟಿಯ ಸದ್ದು ಶುರುವಾಯಿತು. ಟಪಟಪ. ಅದರ ನಡುವೆ ಗಿಲಗಿಲ. ಎಚ್ಚರವಾದರೂ ನಾನು ಏಳಲಿಲ್ಲ. ಕೊನೆಯ ರೊಟ್ಟಿ ಹಂಚಿಗೆ ಬೀಳುವವರೆಗೂ ಹಾಗೇ ಮಲಗಿ ಕೇಳಿದೆ. ಅವತ್ತು ಊರೆಲ್ಲ ಬಾಗಿಲು ತೆರೆದ ಮೇಲೆ ನನ್ನ ಗ್ಯಾರೇಜು ತೆರೆಯಿತು.