ಬಚ್ಚಲುಮನೆಯ ನೀಲಿ ಹಕ್ಕಿಗಳು

ಟೈಲರನ ತಲೆಗೆ ಹೊಕ್ಕ ಹಕ್ಕಿಗಳು ನೀಲಿ ಬಣ್ಣದವು. ಮದುವೆಯಾದ ಹೊಸದರಲ್ಲಿ ಅವನೂ ಹೆಂಡತಿಯೂ ಯಾವುದೋ ಹಳೇ ಹೋಟೆಲಿನಲ್ಲಿ ಒಂದು ರಾತ್ರಿ ತಂಗಿದ್ದರು. ಅಲ್ಲಿನ ಬಚ್ಚಲುಮನೆಯ ಗೋಡೆ ತುಂಬ ಅಂಟಿಸಿದ ನೀಲಿ ಹಕ್ಕಿಗಳ ಕಾಗದ, ಹಿತ್ತಾಳೆಯ ಕೊಕ್ಕೆ, ಕೆತ್ತನೆಯ ಚೌಕಟ್ಟಿನ ಕನ್ನಡಿ. ಒಳಗೆ ಹೋಗಿ ಬಹಳ ಹೊತ್ತಾದ ಮೇಲೆ ಹೊರಗೆ ಬಂದ ಹೆಂಡತಿ ಬಾಗಿಲಿಗೊರಗಿ, ಒದ್ದೆ ಕೂದಲು ಕೊಡವುತ್ತ, ಕಾರಣವೇ ಇಲ್ಲದೆ ಬಾಯ್ತುಂಬ ನಕ್ಕಿದ್ದಳು. ಆಮೇಲೆ ಮಗಳು ಹುಟ್ಟಿದಳು. ಹೆಂಡತಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಇವನಿಗೆ ಮೈಮುರಿಯುವಷ್ಟು ಹೊಲಿಗೆ. ಆ ನಗು ಮಾತ್ರ ಪೆಟ್ಟಿಗೆಯ ತಳ ಸೇರಿದ ಮದುವೆ ಬಟ್ಟೆಯ ಹಾಗೆ ಮತ್ತೆ ಹೊರಗೆ ಬರಲೇ ಇಲ್ಲ.

ಹೋದ ವಾರ ಪೇಂಟ್ ಅಂಗಡಿಯ ಮೂಲೆಯಲ್ಲಿ ಅಂಥದ್ದೇ ಹಕ್ಕಿಗಳ ಕಾಗದದ ಸುರುಳಿ ಕಂಡಾಗ ಟೈಲರನ ಎದೆ ಹೊಲಿಗೆ ಯಂತ್ರದ ಹಾಗೆ ಹೊಡೆದುಕೊಂಡಿತು. ಹಕ್ಕಿಗಳ ಹಿಂದೆಯೇ ಗುಜರಿ ಅಂಗಡಿಯಿಂದ ಹಳೇ ಕನ್ನಡಿ, ಕೊಕ್ಕೆ, ಹೆಬ್ಬೆರಳು ಗಾತ್ರದ ಹಿತ್ತಾಳೆ ಚಿಲಕ ಬಂದವು. ಅವರ ಬಚ್ಚಲಿನ ಚಿಲಕ ಮುರಿದು ವರ್ಷಗಳಾಗಿದ್ದವು. ಸ್ನಾನಕ್ಕೂ ಮಿಕ್ಕಿದ್ದಕ್ಕೂ ಅದೊಂದೇ ಜಾಗ. ಒಳಗಿದ್ದವರು ಕೆಮ್ಮುತ್ತಿರಬೇಕು, ಹೊರಗಿದ್ದವರು ಅರ್ಥ ಮಾಡಿಕೊಳ್ಳಬೇಕು. ಹಾಗಂತ ಹೊಸ ಚಿಲಕವನ್ನು ಅವನು ಕೊಂಡದ್ದು ಭದ್ರತೆಗಲ್ಲ, ಚೆಂದಕ್ಕೆ.

ರಜೆಯ ದಿನ ಹೆಂಡತಿ ಡ್ಯೂಟಿಗೆ ಹೊರಟದ್ದೇ ತಡ, ಕೆಲಸ ಶುರುವಾಯಿತು.

"ಅಪ್ಪ, ಅಮ್ಮಂಗೆ ಗೊತ್ತಾ?" ಮಗಳು ಕೇಳಿದಳು.

"ಗೊತ್ತಾಗಬಾರದು ಅಂತಲೇ ಮಾಡ್ತಿರೋದು. ಟೇಪ್ ಹಿಡ್ಕೋ."

ಗಿರಾಕಿಯ ಭುಜ, ಸೊಂಟ ಅಳೆಯುವಷ್ಟು ಮುತುವರ್ಜಿಯಿಂದ ಅವನು ಗೋಡೆ ಅಳೆದ. ಕತ್ತರಿಸುವಾಗ ಮಾತ್ರ ಕೈಗೆ ಹತ್ತಿದ ಅಭ್ಯಾಸ ಬಿಡಲಿಲ್ಲ. ಗೋಡೆ ಮುಂದೆ ದಪ್ಪಗಾದರೆ ಬಿಚ್ಚಿ ಸಡಿಲಿಸಬಹುದು ಎಂಬಂತೆ, ಪ್ರತಿ ತುಂಡಿಗೂ ಎರಡೂ ಕಡೆ ಹೊಲಿಗೆಯ ಅಂಚು ಬಿಟ್ಟ. ಅಂಟಿಸಿದಾಗ ತುಂಡಿನ ಮೇಲೆ ತುಂಡು ಕೂತು ಒಂದು ಹಕ್ಕಿಯ ತಲೆ ಮಾಯವಾಯಿತು. ಪಕ್ಕದ್ದರ ಬಾಲ ಅದರ ಕುತ್ತಿಗೆಯಿಂದಲೇ ಬೆಳೆಯಿತು.

ಸದ್ದು ಕೇಳಿ ಮಹಡಿಯ ಮೇಲಿನ ನಿವೃತ್ತ ಮೇಷ್ಟ್ರು ಚಹಾದ ಲೋಟ ಹಿಡಿದೇ ಇಳಿದು ಬಂದರು.

"ಏನಪ್ಪಾ ಟೈಲರ್, ಈ ಹಕ್ಕಿ ಹಿಂದಕ್ಕೆ ಹಾರುತ್ತಾ?"

"ಇಲ್ಲ ಸಾರ್, ತಿರುಗಿ ನೋಡ್ತಿದೆ."

"ಬಕೆಟ್ ಕಡೆ ಗೋಡೇಲಿ ಎಲ್ಲಾ ತಲೆಕೆಳಗಾಗಿವೆಯಲ್ಲ?"

"ಅವು ಇಳೀತಿವೆ ಸಾರ್."

ಮೇಷ್ಟ್ರು ಮರುಕದಿಂದ ಅವನಿಗೂ ಒಂದು ಲೋಟ ಚಹಾ ತರಿಸಿದರು. ಅಷ್ಟರಲ್ಲಿ ಎದುರುಮನೆ ಅಕ್ಕ ಫ್ಲಾಸ್ಕಿನ ಸಮೇತ ಬಂದರು. "ಅಂಟು ಇಷ್ಟು ಗಟ್ಟಿ ಇದ್ರೆ ಹಿಡಿಯಲ್ಲ ತಮ್ಮಾ," ಎನ್ನುತ್ತ ಒಂದು ಚೊಂಬು ನೀರು ಸುರಿದೇಬಿಟ್ಟರು. ಅವನಿಗೆ ಎರಡು ಲೋಟ ಚಹಾ ಕುಡಿಸಿ, ಹೊಸ ಕನ್ನಡಿಯಲ್ಲಿ ತಮ್ಮ ಮುಖ ಸರಿಯಾಗಿ ಕಾಣಲೆಂದು ಹಿಂದಿನ ಗೋಡೆಗೆ ಒರಗಿ ನಿಂತು, ಹೊರಟುಹೋದರು.

ಕಿಟಕಿಯಿಂದ ಮಗಳ ಸ್ವರ ಬಂತು. "ಅಪ್ಪಾ, ಎದುರುಮನೆ ಅತ್ತೆ ಬೆನ್ನ ಮೇಲೆ ನಮ್ಮ ಹಕ್ಕಿಗಳು ಹೋಗ್ತಿವೆ."

ಟೈಲರ್ ಬ್ರಷ್ ಹಿಡಿದೇ ಬೀದಿಗೆ ಓಡಿದ. "ಅಕ್ಕಾ, ನಿಲ್ಲಿ, ಸ್ವಲ್ಪ ಬೆನ್ನು ಕೊಡಿ."

ಬೀದಿಯೇ ನಿಂತು ನೋಡಿತು, ನಿಂತು ನಕ್ಕಿತು. ಅಕ್ಕ ಹಕ್ಕಿಗಳನ್ನು ಕೊಟ್ಟು ಬಾಗಿಲು ದಢಾರನೆ ಹಾಕಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಸಂಜೆಯವರೆಗೆ ಒಳಗೆ ಯಾರೂ ಹೋಗಕೂಡದು, ನೀರು ಬಿದ್ದರೆ ಕಾಗದ ಉದುರುತ್ತದೆ ಎಂದು ಅಂಗಡಿಯವನು ಎಚ್ಚರಿಸಿದ್ದ. ಹೊಟ್ಟೆಯೊಳಗಿನ ಚಹಾಕ್ಕೆ ಈ ಎಚ್ಚರಿಕೆ ತಲುಪಿರಲಿಲ್ಲ. ಮೇಷ್ಟ್ರು ಮನೆಗೆ ಬೀಗ ಹಾಕಿ ವಾಕಿಂಗ್ ಹೋಗಿದ್ದರು. ಮಗಳು ಎದುರುಮನೆಗೆ ಹೋಗಿ ಆರಾಮಾಗಿ ಬಂದಳು. "ನಿಂಗೆ ಪ್ರವೇಶ ಇಲ್ವಂತೆ ಅಪ್ಪಾ."

ಸಂಜೆಯಾಯಿತು, ಗೋಡೆಯೂ ಒಣಗಿತು. ಆದರೂ ಅವನು ಒಳಗೆ ಹೋಗಲಿಲ್ಲ. ಮೊದಲು ಅವಳೇ ಕಾಲಿಡಬೇಕು, ಹಕ್ಕಿಗಳನ್ನು ಕಂಡೊಡನೆ ಆ ಮುಖ ಅರಳುವುದನ್ನು ತಾನು ನೋಡಬೇಕು. ಇಷ್ಟು ವರ್ಷ ಕಾದದ್ದಾಗಿದೆ, ಇನ್ನೊಂದು ಚೂರು. ಬಿಗಿಯಾದ ಕಾಜಾದೊಳಗೆ ಸಿಕ್ಕಿದ ಗುಂಡಿಯಂತೆ ಅವನು ಕಾಲಿಗೆ ಕಾಲು ಹೆಣೆದು ನಿಂತ.

ಹೆಂಡತಿ ಬಂದು ಚಪ್ಪಲಿ ಬಿಡುವಾಗಲೇ ಹೇಳಿದ, "ಕಣ್ಣು ಮುಚ್ಚು."

"ಹೇಳ್ಬೇಕಾ ರೀ? ನಿಂತಲ್ಲೇ ಮುಚ್ಕೊಳ್ತಿವೆ."

ಅವನು ಬಾಗಿಲು ತೆರೆದ. ಅವಳು ಕಣ್ಣು ಬಿಟ್ಟಳು. ಟೈಲರ್ ಅವಳ ತುಟಿಯನ್ನೇ ನೋಡುತ್ತಿದ್ದ. ಅವಳು ಮಾತ್ರ ಬಾಗಿಲ ಹಿಂಬದಿ ನೋಡುತ್ತಿದ್ದಳು. ಮೆಲ್ಲಗೆ ಕೈಚಾಚಿ ಹಿತ್ತಾಳೆ ಚಿಲಕವನ್ನು ಎಳೆದಳು, ತಳ್ಳಿದಳು. ಒಳಗೆ ಕಾಲಿಟ್ಟು ಬಾಗಿಲು ಮುಚ್ಚಿದಳು.

ಠಕ್.

ಕೆಮ್ಮು ಕೇಳಿಸಲಿಲ್ಲ. ಆಮೇಲೆ ನಗು ಕೇಳಿತು. ಅದೇ ನಗು, ಬಾಯ್ತುಂಬ.

ಟೈಲರ್ ಬಾಗಿಲಿಗೆ ಕೆನ್ನೆಯಾನಿಸಿದ. "ಹಕ್ಕಿ ಇಷ್ಟ ಆಯ್ತಾ? ಆ ಹೋಟೆಲಲ್ಲಿ ಇದ್ವಲ್ಲ, ಅಂಥವೇ."

"ಅಲ್ಲಿ ಹಕ್ಕಿ ಇತ್ತಾ ರೀ? ನಂಗೆ ಚಿಲಕ ಮಾತ್ರ ನೆನಪು. ಮದುವೆ ಗಲಾಟೆ ಎಲ್ಲಾ ಮುಗಿದು ಅವತ್ತೇ ಮೊದಲು ಒಬ್ಳೇ ಕೂತಿದ್ದು. ಅದೆಂಥ ಸುಖ ಅಂತೀರಿ."

"ಹಂಗಾದ್ರೆ... ಹೊರಗೆ ಬರ್ತೀಯಾ?"

"ಅವತ್ತಿನ ಹಾಗೇ ಒಂದು ಗಂಟೆ ಬಿಟ್ಟುಬಿಡಿ. ಅಡುಗೆ ನೀವೇ ನೋಡ್ಕೊಳಿ."

ಟೈಲರ್ ಕಾಲಿನ ಹೆಣಿಗೆಯನ್ನು ಇನ್ನಷ್ಟು ಬಿಗಿ ಮಾಡಿದ. ಆ ಮನೆಯಲ್ಲಿ ಮೊದಲ ಬಾರಿಗೆ, ಹೊರಗಿದ್ದವನು ಕೆಮ್ಮಿದ.

ಒಳಗೆ ಅವಳು ನಲ್ಲಿ ಪೂರ್ತಿ ತಿರುಗಿಸಿದಳು. ನೀರು ಜುಳುಜುಳು ಬೀಳತೊಡಗಿತು.