ಕತ್ತರಿ ಹೊರಟಿದೆ

ಎಲ್ಲ ಅನಾಹುತಕ್ಕೂ ಕಾರಣ ಒಂದು ಟೈ. ಅದೂ ಸ್ವಂತದ್ದಲ್ಲ, ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟರದ್ದು.

ನಮ್ಮ ಗುಮಾಸ್ತ ಹತ್ತೊಂಬತ್ತು ವರ್ಷದಿಂದ ವಿಮಾ ಕಚೇರಿಯ ಒಂದೇ ಕಿಟಕಿಯ ಹಿಂದೆ ಕುಳಿತು ಊರಿನವರ ಬೈಗುಳ ತಿಂದವನು. ಈಗ ಮ್ಯಾನೇಜರ್ ಹುದ್ದೆ ಖಾಲಿಯಾಗಿತ್ತು. ಸಂಬಳದ ಮಾತು ಹಾಗಿರಲಿ, ಆ ಹುದ್ದೆಗೆ ಬಾಗಿಲಿರುವ ಕೋಣೆಯೊಂದಿತ್ತು. ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಯಾರ ಮುಖವನ್ನೂ ನೋಡದೆ ಕೂರಬೇಕು ಎನ್ನುವುದು ಅವನಿಗೆ ಈ ಜನ್ಮದಲ್ಲಿ ಉಳಿದಿದ್ದ ಒಂದೇ ಆಸೆ. ಸಂದರ್ಶನ ಅವತ್ತೇ ಹನ್ನೊಂದೂವರೆಗೆ. ಆದರೆ ವಲಯ ಕಚೇರಿಯಿಂದ ಬಂದ ಸುತ್ತೋಲೆಯಲ್ಲಿ ನಾಲ್ಕನೆಯ ಅಂಶ ಹೀಗಿತ್ತು: ‘ಪುರುಷ ಅಭ್ಯರ್ಥಿಗಳು ಟೈ ಧರಿಸಿರತಕ್ಕದ್ದು. ಟೈ ಧರಿಸಿದ ಭಾವಚಿತ್ರವನ್ನು ಬೆಳಿಗ್ಗೆ ಎಂಟರೊಳಗೆ ಕಳುಹಿಸತಕ್ಕದ್ದು. ತಪ್ಪಿದಲ್ಲಿ ಸಮರ್ಪಕ ಕಾರಣ ನೀಡತಕ್ಕದ್ದು.’

“ಕುತ್ತಿಗೆಗೆ ಅಲರ್ಜಿ ಅಂತ ಹತ್ತೊಂಬತ್ತು ವರ್ಷ ಸುಳ್ಳು ಹೇಳಿದ್ದು ಸಾಕು. ಇವತ್ತೊಂದಿನ ಕಟ್ಕೊಂಡ್ರೆ ಪ್ರಾಣ ಏನೂ ಹೋಗಲ್ಲ,” ಎಂದಳು ಹೆಂಡತಿ.

“ನಿನಗೆ ಗೊತ್ತಿಲ್ಲ ಕಣೇ.”

“ಏನು ಗೊತ್ತಿಲ್ಲ? ಹೇಳಿ, ಗೊತ್ತಾಗುತ್ತೆ.”

ಹೇಳುವ ಹಾಗಿರಲಿಲ್ಲ.

ಸಂಗತಿ ಇಷ್ಟು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಈ ಮಹಾನುಭಾವನ ಹೆಸರು ಮುಳ್ಳು. ಇವತ್ತು ಬಟಾಬಯಲಾಗಿರುವ ಇದೇ ತಲೆಯ ಮೇಲೆ ಆಗ ಬಟ್ಟೆ ಸೋಪು ಹಚ್ಚಿ ನೆಟ್ಟಗೆ ನಿಲ್ಲಿಸಿದ ಗೇಣುದ್ದದ ಹಸಿರು ಕೂದಲಿತ್ತು. ಕುತ್ತಿಗೆಗೆ ನಾಯಿ ಸರಪಳಿ ಇತ್ತು. ಟೈರ್ ಅಂಗಡಿಯ ಹಿಂದಿನ ಗ್ಯಾರೇಜಿನಲ್ಲಿ ನಾಲ್ವರು ಸೇರಿ ‘ಕೊಳೆತ ಹಲ್ಲು’ ಎಂಬ ಪಂಕ್ ಸಂಗೀತ ತಂಡ ಕಟ್ಟಿದ್ದರು. ಮುಳ್ಳುವಿನದು ಕಿರುಚಾಟ, ತುಕ್ಕು ಮತ್ತು ಸೂಜಿಯದು ಗಿಟಾರು, ಡಬ್ಬಿಯದು ಡ್ರಮ್ಮು. ಯಾರಿಗೂ ಯಾವುದೂ ಬರುತ್ತಿರಲಿಲ್ಲ. ಬರಬಾರದು ಎನ್ನುವುದೇ ಅವರ ಸಿದ್ಧಾಂತವಾಗಿತ್ತು.

ಒಂದು ದಿನ ಮುಳ್ಳು ತಾನೇ ಒಂದು ಪ್ರತಿಜ್ಞಾಪತ್ರ ಬರೆದು ಎಲ್ಲರಿಂದ ಸಹಿ ಹಾಕಿಸಿದ. ನಮ್ಮಲ್ಲಿ ಯಾರು ಎಂದು ಟೈ ಕಟ್ಟಿದರೂ ಉಳಿದವರು ನಾಲ್ಕು ಜನರೆದುರು ಅದನ್ನು ಕತ್ತರಿಸಬೇಕು. ಕತ್ತರಿಸಿಕೊಂಡವರು ಯಾಕೆ ಏನು ಎಂದು ಯಾರ ಹತ್ತಿರವೂ ಬಾಯಿ ಬಿಡಕೂಡದು. ಬಿಟ್ಟವರು ಗುಮಾಸ್ತರಾಗಿಯೇ ಸಾಯಲಿ! ಆ ವಯಸ್ಸಿನಲ್ಲಿ ಅವರಿಗೆ ಅದಕ್ಕಿಂತ ದೊಡ್ಡ ಶಾಪ ತೋಚಿರಲಿಲ್ಲ.

ಪ್ರಮಾಣವನ್ನು ಜಾರಿಗೆ ತಂದವನೂ ಅವನೇ. ಡಬ್ಬಿಯ ಮದುವೆಯಲ್ಲಿ ಮಾವನ ಕಣ್ಣೆದುರೇ ಮದುಮಗನ ಟೈಯನ್ನು ಕಚಕ್ಕನೆ ಕತ್ತರಿಸಿದ. ತುಕ್ಕು ಹೋಟೆಲಿನ ಕೆಲಸಕ್ಕೆ ಸೇರಿದ ಮೊದಲ ದಿನವೇ ಗಿರಾಕಿಗಳ ನಡುವೆ ಅವನ ಟೈಯನ್ನೂ ಕತ್ತರಿಸಿದ; ಸಂಜೆಯೊಳಗೆ ತುಕ್ಕುವಿನ ಕೆಲಸವೂ ಕತ್ತರಿಸಿಹೋಯಿತು. ಎರಡು ಸಲವೂ ಮುಳ್ಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆಮೇಲೆ ಅದೇ ಮುಳ್ಳು ಸದ್ದಿಲ್ಲದೆ ವಿಮಾ ಪರೀಕ್ಷೆ ಬರೆದು, ತಲೆ ಬೋಳಿಸಿಕೊಂಡು, ಊರಿನ ಇನ್ನೊಂದು ಮೂಲೆಯಲ್ಲಿ ಮನೆ ಹಿಡಿದು ಮಾಯವಾದ. ಸೂಜಿ ಎಲ್ಲಿ ಹೋಯಿತೋ ಯಾರಿಗೂ ತಿಳಿಯಲಿಲ್ಲ.

ಇಂಥವನ ಕುತ್ತಿಗೆಗೆ ಈಗ ಹೆಡ್‌ಮೇಷ್ಟರು ಟೈ ಬಿಗಿಯುತ್ತಿದ್ದರು.

“ಮೂವತ್ತು ವರ್ಷ ಕಟ್ಟಿದೀನಿ ಇದನ್ನ. ಒಂದು ನೂಲೂ ಬಿಟ್ಟಿಲ್ಲ. ಹೇಗೆ ಹೋಗುತ್ತೋ ಹಾಗೇ ಬರಬೇಕು, ತಿಳೀತಾ?”

“ಉಸಿರು ಕಟ್ತಿದೆ ಮೇಷ್ಟ್ರೇ.”

“ಕಟ್ಟಬೇಕು. ಅದಕ್ಕೇ ಟೈ ಅನ್ನೋದು. ಎಲ್ಲಿ, ನಗು.”

ಮೇಷ್ಟರು ಫೋಟೊ ತೆಗೆದರು. ಒಂದು ಪ್ರತಿ ವಲಯ ಕಚೇರಿಗೆ ಹೋಯಿತು. ಕೇಳದಿದ್ದರೂ ಇನ್ನೊಂದು ಪ್ರತಿಯನ್ನು ‘ನಮ್ಮ ಬೀದಿಯ ಹೆಮ್ಮೆ’ ಎಂದು ಬರೆದು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿಯೇಬಿಟ್ಟರು. ಆ ಗುಂಪಿನಲ್ಲಿ ಇನ್ನೂರು ಜನರಿದ್ದರು. ಅವರಲ್ಲಿ ತುಕ್ಕುವಿನ ಸೋದರತ್ತೆಯೂ ಒಬ್ಬಳೆಂಬುದು ಗುಮಾಸ್ತನಿಗೆ ಬಸ್ಸು ಹತ್ತಿದ ಮೇಲೆ ಹೊಳೆಯಿತು. ಹೊಳೆದು ಐದು ನಿಮಿಷವಾಗಿಲ್ಲ, ಗುರುತಿಲ್ಲದ ನಂಬರಿನಿಂದ ಒಂದು ಸಂದೇಶ ಬಂತು.

‘ಕತ್ತರಿ ಹೊರಟಿದೆ.’

ಗುಮಾಸ್ತ ಟೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಬಸ್ಸಿನಿಂದ ಇಳಿದ. ಬಿಚ್ಚಿ ಜೇಬಿಗಿಡೋಣವೆಂದರೆ ಮತ್ತೆ ಕಟ್ಟಲು ಬಾರದು. ಆ ಗಂಟಿನ ವಿದ್ಯೆ ಗೊತ್ತಿದ್ದವರು ಮೇಷ್ಟರೊಬ್ಬರೇ.

ಕಚೇರಿಯಲ್ಲಿ ಬಣ್ಣದ ಕಾಗದ ಅಂಟಿಸುತ್ತಿದ್ದರು. ಗ್ರಾಹಕರಿಗಾಗಿ ಹೊಸದಾಗಿ ಕಟ್ಟಿಸಿದ ಕೋಣೆಯನ್ನು ಹನ್ನೊಂದು ಗಂಟೆಗೆ ವಲಯದ ಮೇಡಂ ಉದ್ಘಾಟಿಸಿ, ಆಮೇಲೆ ಸಂದರ್ಶನಕ್ಕೆ ಕೂರುವವರಿದ್ದರು. ಮೇಡಂ ಈ ವಲಯಕ್ಕೆ ಬಂದು ತಿಂಗಳಷ್ಟೇ ಆಗಿತ್ತು. ಶಾಖೆಯಲ್ಲಿ ಅವರ ಸಹಿಯನ್ನು ಬಿಟ್ಟು ಬೇರೇನನ್ನೂ ಯಾರೂ ನೋಡಿರಲಿಲ್ಲ.

“ಅಯ್ಯೋ, ಯಾರಪ್ಪ ಇದು ಮದುಮಗ!” ಎಂದಳು ಕ್ಯಾಷಿಯರ್ ಅಕ್ಕ. ಹತ್ತು ಜನರ ಕಚೇರಿಯಲ್ಲಿ ಹನ್ನೊಂದು ಜನರ ಸುದ್ದಿ ಇಟ್ಟುಕೊಂಡವಳು ಅವಳು. “ಯಾಕೆ ಹಿಂಗೆ ಬೆವರ್ತಿದ್ದೀಯ?”

ಅಷ್ಟರಲ್ಲಿ ಹಿಂದಿನಿಂದ ಬಂದ ಅಟೆಂಡರು, “ಸಾರ್, ಕಾಲರ್ ಹತ್ರ ಒಂದು ದಾರ ನೇತಾಡ್ತಿದೆ, ಅಲ್ಲಾಡ್ಬೇಡಿ,” ಎಂದು ಕತ್ತರಿ ಚಾಚಿದ.

ಗುಮಾಸ್ತ ಕಿಟಾರನೆ ಕಿರುಚಿ ಕುರ್ಚಿಯ ಮೇಲೆ ಹತ್ತಿ ನಿಂತ. ಇಪ್ಪತ್ತೆರಡು ವರ್ಷದ ಮೇಲೂ ಅವನ ಗಂಟಲಿಗೆ ಏನೂ ಆಗಿರಲಿಲ್ಲ. ಕಚೇರಿಯಿಡೀ ತಿರುಗಿ ನೋಡಿತು.

ಕುರ್ಚಿಯ ಮೇಲಿಂದಲೇ ಅವನಿಗೆ ಒಂದು ಉಪಾಯ ಹೊಳೆಯಿತು. ಕಚೇರಿಯಲ್ಲಿ ಕತ್ತರಿಯೇ ಇಲ್ಲದಿದ್ದರೆ? ತುಕ್ಕುವಾಗಲಿ ಡಬ್ಬಿಯಾಗಲಿ ಬರುವಾಗ ಕತ್ತರಿ ಹಿಡಿದುಕೊಂಡೇ ಬರಬಹುದು ಎಂಬ ಸರಳ ಸಂಗತಿ ಅವನಿಗೆ ತೋಚಲಿಲ್ಲ. ಹೆದರಿದವನಿಗೆ ಹಗ್ಗವೂ ಹಾವೇ. ಅವನು ಮೇಜಿಂದ ಮೇಜಿಗೆ ಹೋಗಿ ಕತ್ತರಿ ಎತ್ತತೊಡಗಿದ.

“ನನ್ನ ಕತ್ತರಿ ನಿನಗ್ಯಾಕೆ?” ಎಂದಳು ಕ್ಯಾಷಿಯರ್ ಅಕ್ಕ.

“ಸಾಣೆ ಹಿಡಿಸ್ಕೊಂಡು ಬರ್ತೀನಿ ಅಕ್ಕಾ.”

“ಇಂಟರ್‌ವ್ಯೂ ದಿವಸ?”

“ಮ್ಯಾನೇಜರ್ ಆಗೋನು ಎಲ್ಲಾನೂ ಹರಿತವಾಗಿ ಇಟ್ಕೋಬೇಕಲ್ವಾ.”

ಅಕ್ಕ ಕತ್ತರಿಯನ್ನೇನೋ ಕೊಟ್ಟಳು. ಆದರೆ ಅವನು ಅತ್ತ ಹೋಗುತ್ತಲೇ ಅಟೆಂಡರನನ್ನು ಕರೆದು, “ಇವನಿಗೆ ಟೆನ್ಷನ್ನು ತಲೆಗೇರಿದೆ ಕಣಯ್ಯಾ. ಏಳು ಕತ್ತರಿ ಎತ್ಕೊಂಡಿದಾನೆ. ಯಾರಿಗೆ ಚುಚ್ತಾನೋ ಏನೋ, ಒಂದು ಕಣ್ಣಿಟ್ಟಿರು,” ಎಂದಳು. ಅಟೆಂಡರು ಎರಡು ಕಣ್ಣೂ ಇಟ್ಟ. ಗುಮಾಸ್ತ ನೀರು ಕುಡಿಯಲು ಹೋದರೆ ಹಿಂದೆ ಬಂದ. ಶೌಚಾಲಯಕ್ಕೆ ಹೋದರೆ ಬಾಗಿಲ ಹೊರಗೆ ನಿಂತು, “ಒಳಗೇ ಇದ್ದೀರಾ ಸಾರ್? ಒಂಚೂರು ಕೆಮ್ಮಿ,” ಎಂದ. ಗುಮಾಸ್ತ ಕೆಮ್ಮಿದ.

ಇಷ್ಟು ಕಾವಲಿನ ನಡುವೆಯೂ ಎಂಟನೆಯ ಕತ್ತರಿ, ಅಂದರೆ ಉದ್ಘಾಟನೆಗೆಂದು ತಟ್ಟೆಯಲ್ಲಿಟ್ಟಿದ್ದ ಬೆಳ್ಳಿ ಬಣ್ಣದ್ದು, ಅವನ ಚೀಲ ಸೇರಿತು.

ಹನ್ನೊಂದಕ್ಕೆ ಸರಿಯಾಗಿ ಮೇಡಂ ಬಂದರು. ನರೆತ ಕೂದಲಿನ ಬಿಗಿಯಾದ ಗಂಟು, ದಪ್ಪ ಕನ್ನಡಕ, ಬೂದು ಬಣ್ಣದ ಕೋಟು. ನಗುವಿಗೂ ಮೇಲಧಿಕಾರಿಯ ಅನುಮತಿ ಬೇಕೇನೋ ಎನ್ನುವಂಥ ಮುಖ. ಸಂದರ್ಶನ ಸಮಿತಿಯ ಇನ್ನಿಬ್ಬರು ಹಿಂದಿನ ಕಾರಿನಲ್ಲಿ ಬರುತ್ತಿದ್ದಾರೆಂದು ತಿಳಿಸಿ ನೇರವಾಗಿ ರಿಬ್ಬನ್ನಿನ ಮುಂದೆ ಹೋಗಿ ನಿಂತರು. ಅಟೆಂಡರು ತಟ್ಟೆ ಚಾಚಿದ. ತಟ್ಟೆಯಲ್ಲಿ ಏನೂ ಇರಲಿಲ್ಲ.

“ಕತ್ತರಿ?”

“ಈಗಿನ್ನೂ ಇತ್ತು ಮೇಡಂ...”

ಕ್ಯಾಷಿಯರ್ ಅಕ್ಕ ಗುಮಾಸ್ತನ ಚೀಲವನ್ನು ನೋಡಿದಳು, ಅಷ್ಟೆ. ಅವಳು ನೋಡಿದ್ದನ್ನು ನೋಡಿ ಎಲ್ಲರೂ ನೋಡಿದರು. ಅವನು ಚೀಲವನ್ನು ಎದೆಗೆ ಅವಚಿಕೊಂಡು ಒಂದು ಹೆಜ್ಜೆ ಹಿಂದಿಟ್ಟ. ಅಟೆಂಡರು ಹಾರಿ ಚೀಲ ಹಿಡಿದ. ಎಳೆದಾಟದಲ್ಲಿ ಪಟ್ಟಿ ಕಿತ್ತು, ಎಂಟು ಕತ್ತರಿಗಳೂ ಖಣಖಣನೆ ನೆಲಕ್ಕೆ ಬಿದ್ದವು.

ಮೇಡಂ ಬಗ್ಗಿ ಬೆಳ್ಳಿ ಬಣ್ಣದ ಕತ್ತರಿಯನ್ನೆತ್ತಿಕೊಂಡು ಅವನತ್ತ ನಡೆದು ಬಂದರು.

“ಮೇಡಂ, ಸಾಣೆಗೆ ಅಂತ...” ಎಂದವನು ಅಲ್ಲೇ ನಿಂತುಬಿಟ್ಟ. ಅವರ ಎಡಗಿವಿಯ ಅಂಚಿನಲ್ಲಿ ಮುಚ್ಚಿಹೋದ ಐದು ತೂತುಗಳ ಗುರುತು ಸಾಲಾಗಿತ್ತು. ಅವು ಸೇಫ್ಟಿ ಪಿನ್ನಿನ ತೂತುಗಳು. ಅವುಗಳಲ್ಲಿ ಎರಡನ್ನು ಚುಚ್ಚಿದವನು ಅವನೇ.

“ಸೂಜೀ?” ಎಂದ, ಗಾಳಿಗೂ ಕೇಳಿಸದ ಹಾಗೆ.

“ಉದ್ಘಾಟನೆ ಶುರು ಮಾಡೋಣ್ವಾ?” ಎಂದರು ಮೇಡಂ ಎಲ್ಲರಿಗೂ ಕೇಳಿಸುವ ಹಾಗೆ. ಕಚಕ್ ಎಂದಿತು. ಮೇಷ್ಟರ ಮೂವತ್ತು ವರ್ಷದ ಟೈ ಗಂಟಿನಿಂದ ಎರಡು ಬೆರಳು ಕೆಳಗೆ ತುಂಡಾಗಿ ಅವನ ಬೂಟಿನ ಮೇಲೆ ಬಿತ್ತು.

ಇದು ವಲಯ ಕಚೇರಿಯ ಯಾವುದೋ ಹೊಸ ಪದ್ಧತಿ ಇರಬೇಕೆಂದು ಕ್ಯಾಷಿಯರ್ ಅಕ್ಕ ಚಪ್ಪಾಳೆ ತಟ್ಟಿದಳು. ಉಳಿದವರೂ ತಟ್ಟಿದರು.

ಗುಮಾಸ್ತನಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಖುಷಿಯಾಯಿತು. ಕುತ್ತಿಗೆ ಹಗುರಾಗಿ, ಗ್ಯಾರೇಜಿನ ಟೈರುಗಳ ವಾಸನೆ ಮೂಗಿಗೆ ಬಂದ ಹಾಗಾಗಿ, ಎಷ್ಟೋ ವರ್ಷದ ಮೇಲೆ ಅವನು ಬಾಯ್ತುಂಬ ನಕ್ಕ. ಮೇಡಂ ತುಟಿಯಂಚಿನಲ್ಲಿ ನಕ್ಕು, “ನಾನಂತೂ ಇವತ್ತಿನವರೆಗೂ ಟೈ ಕಟ್ಟಿಲ್ಲ ಮುಳ್ಳು,” ಎಂದು ಪಿಸುಗುಟ್ಟಿ, ಹೋಗಿ ರಿಬ್ಬನ್ ಕತ್ತರಿಸಿದರು.

ಅಲ್ಲಿಂದ ಹನ್ನೊಂದೂವರೆಯವರೆಗೆ ಗುಮಾಸ್ತನಷ್ಟು ಸುಖಿ ಲೋಕದಲ್ಲಿ ಯಾರೂ ಇರಲಿಲ್ಲ. ಸಮಿತಿಯ ಮುಖ್ಯಸ್ಥೆಯೇ ಸೂಜಿ! ಟೈ ಹೋದರೆ ಹೋಗಲಿ, ಕೋಣೆ ಸಿಕ್ಕಿತಲ್ಲ. ಮೇಷ್ಟರಿಗೆ ಹೊಸದೊಂದು ಕೊಡಿಸಿದರಾಯಿತು. ಅವನು ಮನಸ್ಸಿನಲ್ಲೇ ಬಾಗಿಲಿಗೆ ಒಂದು ಚಿಲಕ ಆರಿಸಿಟ್ಟ.

ಒಳಗೆ ಮೇಡಂ ಪಕ್ಕದಲ್ಲಿ ಈಗಷ್ಟೇ ಬಂದಿಳಿದಿದ್ದ ಇಬ್ಬರು ಹಿರಿಯರು ಕುಳಿತಿದ್ದರು.

“ಏನ್ರೀ, ಟೈ ಎಲ್ಲಿ?” ಎಂದರು ಒಬ್ಬರು.

“ಇದೆ ಸಾರ್,” ಎಂದು ಗುಮಾಸ್ತ ಗಲ್ಲವೆತ್ತಿ ತೋರಿಸಿದ.

“ಇದನ್ನ ಗಂಟು ಅಂತಾರೆ, ಟೈ ಅನ್ನಲ್ಲ. ನಾಲ್ಕನೇ ಅಂಶ ಓದಿದ್ದೀರಿ ತಾನೆ? ಸಮರ್ಪಕ ಕಾರಣ ಏನಾದ್ರೂ ಇದ್ರೆ ಹೇಳಿ, ವಿನಾಯಿತಿ ಕೊಡೋಣ.”

ಗುಮಾಸ್ತ ಮೇಡಂ ಕಡೆ ನೋಡಿದ. ಮೇಡಂ ಫೈಲಿನಿಂದ ಮಡಿಕೆಯಲ್ಲಿ ಹರಿದ ಹಳದಿ ಕಾಗದವೊಂದನ್ನು ತೆಗೆದು ಮೆಲ್ಲಗೆ ಅವನ ಮುಂದೆ ಸರಿಸಿದರು. ಕೆಳಗೆ ನಾಲ್ಕು ಸಹಿಗಳಿದ್ದವು. ಸಹಿಗಳ ಮೇಲಿನ ಕೊನೆಯ ಸಾಲು ಅವನದೇ ಕೈಬರಹ: ‘ಬಾಯಿ ಬಿಟ್ಟವರು ಗುಮಾಸ್ತರಾಗಿಯೇ ಸಾಯಲಿ!’

ಅವನು ತೆರೆದ ಬಾಯಿಯನ್ನು ಮುಚ್ಚಿಕೊಂಡ.

“ಕಾರಣ ಏನೂ ಇಲ್ಲ ಸಾರ್.”

“ಹಾಗಾದ್ರೆ ಅನರ್ಹ,” ಎಂದು ಹಿರಿಯರು ಬರೆದುಕೊಂಡರು. “ಸುತ್ತೋಲೆ ಮಾಡಿದೋರು ಮೇಡಮ್ಮೇ. ಅದನ್ನ ಮೀರೋಕೆ ನಮ್ಮ ಕೈಲಾಗಲ್ಲ.”

“ನಿಯಮ ಅಂದ್ಮೇಲೆ ನಿಯಮ,” ಎಂದರು ಮೇಡಂ. ಯಾವ ನಿಯಮ ಎಂದು ಮಾತ್ರ ಹೇಳಲಿಲ್ಲ.

ಸಂಜೆ ಮನೆ ಮುಂದೆ ಮೇಷ್ಟರು ಕಾದು ನಿಂತಿದ್ದರು. ಗುಮಾಸ್ತ ಟೈಯ ಎರಡು ತುಂಡುಗಳನ್ನು ಅವರ ಅಂಗೈಯಲ್ಲಿಟ್ಟ.

“ಏನಯ್ಯಾ ಇದು! ಯಾರು ಮಾಡಿದ್ದು? ಯಾಕೆ ಮಾಡಿದ್ದು? ಬಾಯಿ ಬಿಡಯ್ಯಾ!”

ಅವನು ಬಾಯಿ ಬಿಡಲಿಲ್ಲ. ಜೇಬಿನಲ್ಲಿ ಫೋನು ಸದ್ದು ಮಾಡಿತು. ಬೆಳಗಿನ ಅದೇ ನಂಬರು.

‘ಆರು ತಿಂಗಳ ಮೇಲೆ ಮತ್ತೆ ಸಂದರ್ಶನ ಇದೆ, ತಪ್ಪದೆ ಬಾ. ಟೈ ಕಡ್ಡಾಯ. ಕತ್ತರಿ ಹಿಡಿಯುವ ಮುಂದಿನ ಸರದಿ ಡಬ್ಬಿಯದು, ಆಮೇಲೆ ತುಕ್ಕುವಿನದು.’