ಬೆಚ್ಚಗಿನ ಗಾಡಿಯ ಡಾಕ್ಟರು

ನಮ್ಮ ಕೊಟ್ಟೂರಿನಲ್ಲಿ ಒಬ್ಬ ಟ್ರ್ಯಾಕ್ಟರ್ ಮೆಕ್ಯಾನಿಕ್ ಇದ್ದಾರೆ. ಬೆಳಗಿನ ಹೊತ್ತು ಅವರು ಕೆಟ್ಟು ನಿಂತ ಗಾಡಿಯನ್ನು ಮುಟ್ಟುವುದಿಲ್ಲ, ಚೆನ್ನಾಗಿ ಓಡುವ ಗಾಡಿಯನ್ನೇ ಮೊದಲು ಮುಟ್ಟುತ್ತಾರೆ! ನಂಬಿಕೆ ಬರಲಿಲ್ಲವೇ? ಚಳಿಗಾಲದಲ್ಲಿ ಬಂದು ನೋಡಿ.

ನಮ್ಮ ಓಣಿಯವರೇ. ನಾನು ಚಡ್ಡಿ ಹಾಕಿಕೊಂಡು ತಿರುಗುತ್ತಿದ್ದಾಗಿನಿಂದ ಅವರನ್ನು ಚಾಚಾ ಎನ್ನುತ್ತೇನೆ. ಆಗಿನಿಂದಲೂ ಅದೇ ತಗಡಿನ ಶೆಡ್ಡು. ಡಿಸೆಂಬರ್ ಬಂತೆಂದರೆ ಅದರೊಳಗೆ ನಟ್ಟು ಬಿಗಿಯುವ ಪಾನಾ ಹಿಡಿದ ಕೈ ಜುಂ ಎನ್ನುತ್ತದೆ. ಉಳಿದ ಗ್ಯಾರೇಜಿನವರು ಕಸಕಡ್ಡಿ ಒಟ್ಟಿ ಬೆಂಕಿ ಕಾಯಿಸಿಕೊಂಡರೆ, ಚಾಚಾ ಬೀಡಿ ಹಚ್ಚಿದವನನ್ನೂ ರಸ್ತೆಗೆ ಅಟ್ಟುತ್ತಾರೆ.

“ನೆಲ ಎಲ್ಲಾ ಡೀಸೆಲ್ ಕುಡದೈತಿ. ಅದಕ್ಕೂ ಬೆಂಕಿಗೂ ನಾನ ಮುಂದ ನಿಂತು ಲಗ್ನ ಮಾಡಸ್ಲೇನು?”

ಒಮ್ಮೆ ಚಾಚಿ ಉಣ್ಣೆಯ ಕೈಗವಸು ಹೆಣೆದು ಕೊಟ್ಟರು. ಮರುದಿನ ಅದು ಗ್ರೀಸ್ ಡಬ್ಬಿಯ ಮೈಮೇಲಿತ್ತು!

“ಗ್ರೀಸ್ ಗಟ್ಟಿ ಆಗ್ತೈತಿ, ಪಾಪ. ನಟ್ಟು ಸರಿ ಕುಂತೈತೋ ಇಲ್ಲೋ ನನ್ನ ಬೆರಳಿಗೆ ತಿಳೀಬೇಕು, ಉಣ್ಣಿಗಲ್ಲ.”

ಹಾಗಾದರೆ ಕೈ ಬಿಸಿ ಮಾಡಿಕೊಳ್ಳುವುದು ಹೇಗೆ? ಓಡಿ ಬಂದ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ, ಕಣ್ಣು ಮುಚ್ಚಿ ನಿಂತುಬಿಡುವುದು. ಹೊಸಬರು ಎಂಜಿನ್ನಿನ ನಾಡಿ ಹಿಡಿಯುತ್ತಿದ್ದಾರೆಂದು ಉಸಿರು ಬಿಗಿಹಿಡಿದು ಕಾಯುತ್ತಾರೆ. ಒಮ್ಮೆ ಚಿಗಟೇರಿಯವನೊಬ್ಬ ಸತ್ತ ಟ್ರ್ಯಾಕ್ಟರನ್ನು ಇನ್ನೊಂದು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ. ಚಾಚಾ ನೇರವಾಗಿ ಮುಂದಿನದರ ಹತ್ತಿರ ಹೋದರು.

“ಕೆಟ್ಟಿದ್ದು ಹಿಂದಿಂದ್ರಿ!”

“ಗೊತ್ತೈತಿ. ಬೆಚ್ಚಗಿರೋದು ಮುಂದಿಂದು.”

ಈ ವರ್ಷ ಮಾತ್ರ ನಗುವುದು ಕಷ್ಟವಾಯಿತು. ಒಂದು ಬೆಳಿಗ್ಗೆ ಚಕ್ರದ ನಟ್ಟು ಅವರ ಕೈಯಿಂದ ಮೂರು ಸಲ ಜಾರಿ ಬಿತ್ತು. ಗಾಡಿಯವನು ಮುಖ ಆಚೆ ತಿರುಗಿಸಿಕೊಂಡ. ಚಾಚಾ ಬೆರಳು ಮಡಚಲು ನೋಡಿದರು, ಆಗಲಿಲ್ಲ.

“ಮಾಸ್ತರ, ಬೆರಳಿಗೆ ನಟ್ಟಿನ ಗುರುತ ಸಿಗವಲ್ದು,” ಎಂದರು ಮೆಲ್ಲಗೆ, ಶಾಲೆಗೆ ಪಾಠ ಹೇಳಲು ಹೊರಟು ಅಲ್ಲಿ ನಿಂತಿದ್ದ ನನಗೆ. “ನಾ ಹಾಕಿದ ಚಕ್ರ ದಾರ್ಯಾಗ ಕಳಚಿದ್ರ? ಹಿಂಗ ಆದ್ರ ಶೆಡ್ಡಿಗೆ ಬೀಗ ಹಾಕಿಬಿಡ್ತೀನಿ.”

ಪಾನಾ ಇಲ್ಲದ ಚಾಚಾರನ್ನು ನಾನು ಕಂಡೇ ಇಲ್ಲ.

ಆ ಸುದ್ದಿ ಹೇಗೆ ಹಬ್ಬಿತೋ, ವಾರದೊಳಗೆ ಬೆಳಿಗ್ಗೆ ಶೆಡ್ಡಿನ ಮುಂದೆ ಸಾಲು! ಎಲ್ಲವೂ ಚೆನ್ನಾಗಿ ಓಡುವ ಗಾಡಿಗಳೇ. ಹೊಲಕ್ಕೆ ಹೊರಟವರು ದಾರಿ ಬಿಟ್ಟು ಬರುತ್ತಿದ್ದರು.

“ಚಾಚಾ, ಯಾಕೋ ಸೌಂಡ್ ಬ್ಯಾರೆ ಬರಾಕತ್ತೈತಿ. ಕೈ ಇಟ್ಟು ನೋಡ್ರಿ.”

ಚಾಚಾ ಕೈ ಇಟ್ಟು ಬಹಳ ಹೊತ್ತು ನೋಡುತ್ತಿದ್ದರು. “ಏನೂ ಆಗಿಲ್ಲ, ಹೋಗ್ರಿ” ಎಂದು ಕಳಿಸಿ, ಬಿಸಿಯಾದ ಕೈಯಲ್ಲಿ ಕೆಟ್ಟ ಗಾಡಿಯ ಕಡೆ ತಿರುಗುತ್ತಿದ್ದರು. ಊರಲ್ಲಿ ಇಷ್ಟು ಜನ ಸುಳ್ಳುಗಾರರಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಅವರಲ್ಲಿ ನಾನೂ ಒಬ್ಬ. ಶಾಲೆಗೆ ಹೋಗುವ ಮೊದಲು ಹರಪನಹಳ್ಳಿ ರಸ್ತೆಯಲ್ಲಿ ಸುಮ್ಮನೆ ಒಂದು ಸುತ್ತು ಹೊಡೆದು, ಬೈಕ್ ಕಾಯಿಸಿಕೊಂಡು ಹೋಗುತ್ತೇನೆ.

ನಿನ್ನೆಯೂ ಹೋದೆ. “ಯಾಕೋ ಪಿಕಪ್ ಇಲ್ಲ ಚಾಚಾ” ಎಂದೆ. ಅವರು ಎಂಜಿನ್ನಿನ ಹತ್ತಿರ ಅಂಗೈ ಹಿಡಿದು ಕೂತರು. ಆಮೇಲೆ ಎದ್ದು, ಪಕ್ಕದ ಟ್ರ್ಯಾಕ್ಟರಿನ ಚಕ್ರಕ್ಕೆ ಬರಿಗೈಯಲ್ಲಿ ನಟ್ಟು ಹಚ್ಚಿ ತಿರುಗಿಸಿದರು. ನಾನು ಉಸಿರು ಬಿಗಿಹಿಡಿದೆ. ನಟ್ಟು ಬೀಳಲಿಲ್ಲ.

“ಸರಿ ಕುಂತೈತಿ ನೋಡು,” ಎಂದರು.

ಚಾಚಾ ಎರಡನೆಯ ನಟ್ಟು ಎತ್ತಿಕೊಳ್ಳುತ್ತ, ನನ್ನ ಕಡೆ ನೋಡದೆಯೇ ಹೇಳಿದರು:

“ನಾಳೆ ಇನ್ನೊಂದು ಸುತ್ತು ಜಾಸ್ತಿ ಹೊಡಕೊಂಡು ಬಾ, ಮಾಸ್ತರ. ಇವತ್ತು ಬಿಸಿ ಸ್ವಲ್ಪ ಕಡಿಮಿ ಇತ್ತು.”